ಇಬ್ಬರಿಗೂ ಒಂದೇ ಬೆವರು

ಕುವೈತಿನಲ್ಲಿ ಆಗಸ್ಟ್ ತಿಂಗಳಲ್ಲಿ ಬೆವರುವವನನ್ನು ಯಾರೂ ರೋಗಿ ಎಂದು ಕರೆಯುವುದಿಲ್ಲ. ನಾನು ಬೆವರತೊಡಗಿದ್ದು ಜನವರಿಯಲ್ಲಿ. ಹೊರಗೆ ಜನ ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದರು. ನಾನು ರಾಯ್ ಎಂಬ ಬಡಾವಣೆಯ ಕಾರ್ ಶೋರೂಮಿನೊಳಗೆ ಗಿರಾಕಿಯೊಬ್ಬರಿಗೆ ಬಿಳಿ ಬಣ್ಣದ ಗಾಡಿ ಯಾಕೆ ಒಳ್ಳೆಯದೆಂದು ವಿವರಿಸುತ್ತಿದ್ದೆ. ಎದೆಯ ನಡುವಿನಿಂದ ಒಂದು ಬಿಸಿ ಹೊರಟು, ಕುತ್ತಿಗೆ ಹತ್ತಿ, ಕಿವಿಗಳಿಗೆ ಬೆಂಕಿ ಹಚ್ಚಿ, ತಲೆಯ ಮೇಲೆ ಕುಳಿತುಕೊಂಡಿತು. ಎರಡು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟಿತು. ಆಮೇಲೆ ಹಲ್ಲು ಕಟಕಟಿಸುವಂಥ ಚಳಿ. ಗಿರಾಕಿ ಬಿಳಿ ಗಾಡಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಕಪ್ಪು ಬಣ್ಣದ್ದು ತೋರಿಸಿ ಎಂದರು.

ಪಕ್ಕದ ಮೇಜಿನ ಹಂಝ ಭಾಯಿ ಉಳ್ಳಾಲದವರು. ಹತ್ತು ವರ್ಷದಿಂದ ಇದೇ ಶೋರೂಮು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

“ಎಂತ ಸುಜಿತ್, ಇವತ್ತು ಡ್ಯೂಟಿ ಟೈಮಲ್ಲೇ ಅಮ್ಮನ ಆಕ್ಟಿಂಗಾ?”

ಅವರ ತಪ್ಪಲ್ಲ. ನಾನು ಮಿಮಿಕ್ರಿ ಮಾಡುವವನು. ನಮ್ಮ ಮ್ಯಾನೇಜರ್ ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುವ ರೀತಿ, ಊರಿನವರ ಸಂಘದ ಅಧ್ಯಕ್ಷರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಾ ಭಾಷಣವನ್ನೇ ಮರೆಯುವ ರೀತಿ, ಫೋನಿನಲ್ಲಿ ಹೆಣ್ಣಿನ ಕಡೆಯವರು ಸಂಬಳ ಕೇಳಿದಾಗ ನನ್ನದೇ ಸ್ವರ ಇಲಿಯಂತಾಗುವ ರೀತಿ, ಎಲ್ಲವೂ ನನ್ನ ಪಟ್ಟಿಯಲ್ಲಿವೆ. ಆದರೆ ಜನ ಕೂಗಿ ಕೇಳುತ್ತಿದ್ದದ್ದು ಅಮ್ಮನ ಐಟಮ್.

ನನ್ನ ಅಮ್ಮ ವಾರಿಜಾ ಹತ್ತು ವರ್ಷ ಸೇನೆಯಲ್ಲಿ ನರ್ಸ್ ಆಗಿದ್ದವಳು. ಕ್ಯಾಪ್ಟನ್ ಆಗಿ ಹೊರಬಂದು, ಪಪ್ಪನ ಹಿಂದೆ ಕುವೈತಿಗೆ ಬಂದು, ಈಗ ಸಾಲ್ಮಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹೆಡ್ ನರ್ಸ್. ನಾಲ್ಕು ವರ್ಷದ ಹಿಂದೆ ಅವಳ ಮುಟ್ಟು ನಿಂತಿತು. ಬಿಸಿ ಶುರುವಾಯಿತು. ದೋಸೆ ಹೊಯ್ಯುತ್ತಾ ಇದ್ದವಳು ಸಟ್ಟುಗವನ್ನು ಅಲ್ಲೇ ಬಿಟ್ಟು, ಪರೇಡಿನಲ್ಲಿ ತಿರುಗುವವರಂತೆ ಗಿರಕಿ ಹೊಡೆದು, ಫ್ರೀಜರ್ ತೆರೆದು, ಬಟಾಣಿಯ ಪ್ಯಾಕೆಟ್ಟನ್ನು ಕುತ್ತಿಗೆಯ ಹಿಂದೆ ಇಟ್ಟುಕೊಂಡು ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದಳು. “ಯಾರೂ ಮಾತಾಡ್ಬಾರ್ದು. ಎರಡು ನಿಮಿಷ!” ಇಷ್ಟನ್ನೇ ನಾನು ಮೂರು ನಿಮಿಷದ ಐಟಮ್ ಮಾಡಿದ್ದೆ. ಹಾಲ್‌ನಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಎರಡನೇ ಸಾಲಿನಲ್ಲಿ ಅಮ್ಮನೂ ನಗುತ್ತಿದ್ದಳು. ಆ ನಗುವನ್ನು ನಾನು ನಂಬಿದ್ದೆ. ಎಲ್ಲರ ಮುಖ ಓದುವವನು ಎಂದು ಹೆಸರು ಬೇರೆ ನನಗೆ!

ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಸಂಘದ ವಾರ್ಷಿಕೋತ್ಸವ. ಅಮ್ಮನ ಐಟಮಿನಲ್ಲಿ ಬಟಾಣಿ ಪ್ಯಾಕೆಟ್ ಕುತ್ತಿಗೆಗೆ ಇಟ್ಟುಕೊಳ್ಳುವ ಜಾಗಕ್ಕೆ ಬಂದಾಗ ನಿಜವಾದ ಬಿಸಿಯೇ ಬಂತು. ಕಣ್ಣಿನ ಎರಡೂ ಬದಿ ಪರದೆ ಎಳೆದ ಹಾಗಾಯಿತು. ಮೈಕಿನ ಕಂಬ ಹಿಡಿದುಕೊಂಡೆ. ಗಲ್ಲದಿಂದ ಬೆವರು ತೊಟ್ಟಿಕ್ಕುವುದನ್ನು ನೋಡಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. “ಸೂಪರ್ ಸುಜಿತ್! ಒನ್ಸ್ ಮೋರ್!” ನನಗೆ ಬದುಕಿನಲ್ಲೇ ಅಷ್ಟು ದೊಡ್ಡ ಚಪ್ಪಾಳೆ ಸಿಕ್ಕಿರಲಿಲ್ಲ. ಇನ್ನು ಬಿದ್ದುಬಿಟ್ಟರೆ ಶಾಲು ಹೊದೆಸುತ್ತಿದ್ದರೋ ಏನೋ.

ಅಮ್ಮ ಚಪ್ಪಾಳೆ ಹೊಡೆಯಲಿಲ್ಲ. ಪರದೆಯ ಹಿಂದೆ ಬಂದು ನನ್ನ ಕುತ್ತಿಗೆಗೆ ಕೈ ಇಟ್ಟಳು.

“ಇದು ಆಕ್ಟಿಂಗ್ ಅಲ್ಲ.”

“ಹೊಸ ಟೆಕ್ನಿಕ್ ಅಮ್ಮ.”

“ಬಾಯಿ ಮುಚ್ಚು. ಬೆವರನ್ನು ಯಾರಿಗೂ ನಟಿಸ್ಲಿಕ್ಕೆ ಆಗುದಿಲ್ಲ. ಎಷ್ಟು ದಿನದಿಂದ?”

“ಒಂದು ತಿಂಗಳು.”

“ತಲೆನೋವು?”

“ಉಂಟು.”

“ಗಡ್ಡ ತೆಗ್ದದ್ದು ಯಾವಾಗ?”

“ಹತ್ತು ದಿನ ಆಯ್ತು.” ನನ್ನ ಕೆನ್ನೆ ಸುಲಿದ ಆಲೂಗಡ್ಡೆಯ ಹಾಗಿತ್ತು. ಚಂದ ಆಗ್ತಾ ಇದ್ದೇನೆ ಎಂದುಕೊಂಡಿದ್ದೆ ನಾನು.

ಅಮ್ಮ ಎರಡೂ ಕೈಗಳನ್ನು ಅಗಲಿಸಿ ಬೆರಳು ಎತ್ತಿದಳು. “ನನ್ನ ಮೂಗು ನೋಡು. ಬೆರಳು ಕಾಣುವಾಗ ಹೇಳು.” ನಾನು ಕಾದೆ. ಶುರು ಮಾಡು ಅಮ್ಮ ಎಂದೆ. ಶುರು ಮಾಡಿ ಆಗಿತ್ತು. ಬೆರಳುಗಳು ನನ್ನ ಕೆನ್ನೆಯ ಹತ್ತಿರಕ್ಕೇ ಬಂದಿದ್ದವು. ಕ್ಯಾಪ್ಟನ್ ವಾರಿಜಾಳ ಮುಖದ ಬಣ್ಣ ಇಳಿದದ್ದನ್ನು ನಾನು ಮೊದಲ ಸಲ ನೋಡಿದೆ.

“ನಾಳೆ ನೀನು ಕೆಲಸಕ್ಕೆ ಹೋಗುದಿಲ್ಲ. ನಾನೂ ಹೋಗುದಿಲ್ಲ.”

ಒಂದು ವಾರದೊಳಗೆ ಕಣ್ಣಿನ ಪರೀಕ್ಷೆ, ರಕ್ತ, ಸ್ಕ್ಯಾನು ಎಲ್ಲ ಮುಗಿಯಿತು. ಮಿದುಳಿನ ಕೆಳಗೆ, ಮೂಗಿನ ಹಿಂದೆ ಇರುವ ಪುಟ್ಟ ಗ್ರಂಥಿಯಲ್ಲಿ ಒಂದು ಗಡ್ಡೆ. ಪಪ್ಪ ಶುವೈಖಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇರುವವರು. ಯಾವುದಕ್ಕೂ ಅವರಿಗೆ ಸೈಜ್ ಗೊತ್ತಾಗಬೇಕು. “ಎಷ್ಟು ದೊಡ್ಡದು ಡಾಕ್ಟ್ರೇ?” ಎಂದರು. ಡಾಕ್ಟರ್ ದ್ರಾಕ್ಷಿಯಷ್ಟು ಎಂದರು. ಬೀಜ ಇರುವುದೋ ಇಲ್ಲದ್ದೋ ಎಂದು ಕೇಳಬೇಕೆನಿಸಿತು, ಪಪ್ಪನ ಮುಖ ನೋಡಿ ಬಿಟ್ಟೆ. ಕ್ಯಾನ್ಸರ್ ಅಲ್ಲ, ಆದರೆ ಕಣ್ಣಿನ ನರವನ್ನು ಒತ್ತುತ್ತಿದೆ, ತೆಗೆಯಲೇಬೇಕು ಎಂದು ಅವರು ಹೇಳಿದರು. ಗ್ರಂಥಿ ಕೆಲಸ ನಿಲ್ಲಿಸಿದ್ದರಿಂದ ಗಂಡಸರ ಹಾರ್ಮೋನು ಪೂರ್ತಿ ಇಳಿದುಹೋಗಿತ್ತು.

“ಈ ಬಿಸಿ, ಬೆವರು ಅದರಿಂದಲೇ. ಹೆಂಗಸರಿಗೆ ಮೆನೋಪಾಸಿನಲ್ಲಿ ಬರುತ್ತದಲ್ಲ, ಹಾಗೆ. ಎಲ್ಲ ಗಂಡಸರಿಗೂ ಹೀಗೆ ಆಗುವುದಿಲ್ಲ. ನಿಮಗೆ ಆಗಿದೆ.”

ಪಪ್ಪ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದರು. ಅಮ್ಮ ಕಾರಿಡಾರಿಗೆ ಬಂದವಳೇ ಗೋಡೆಗೆ ಒರಗಿ ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ನಗು ನಿಂತರೂ ಕಣ್ಣೀರು ನಿಲ್ಲಲಿಲ್ಲ. ಪಪ್ಪ ಕರ್ಚೀಫು ಕೊಟ್ಟರು. ಅವಳು ಅದರಲ್ಲಿ ಮೊದಲು ಕುತ್ತಿಗೆ ಒರಸಿಕೊಂಡಳು.

ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಕಾಯುವ ಜಾಗ ಬೇರೆಬೇರೆ, ನಡುವೆ ಗಾಜಿನ ಗೋಡೆ. ನಾನು ಈ ಕಡೆ, ಅಮ್ಮ ಆ ಕಡೆ. ನನ್ನ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಜಪಮಣಿ ಎಣಿಸುತ್ತಾ ನನ್ನ ಬೆವರು ನೋಡಿ ಟಿಶ್ಯೂ ಡಬ್ಬವನ್ನೇ ಕೈಗಿಟ್ಟರು. ಗಾಜಿನ ಆಚೆ ಅಮ್ಮನಿಗೂ ಅದೇ ಹೊತ್ತಿಗೆ ಬಿಸಿ ಏರಿತ್ತು. ಅವಳು ಮಣಿಕಟ್ಟು ತೋರಿಸಿ ನಲ್ಲಿ ತಿರುಗಿಸುವ ಸನ್ನೆ ಮಾಡಿದಳು. ಹೋಗಿ ಮಣಿಕಟ್ಟನ್ನು ತಣ್ಣೀರಿಗೆ ಹಿಡಿದೆ. ಹಿತವಾಯಿತು. ಆಮೇಲಿನ ದಿನಗಳಲ್ಲಿ ಗಾಜಿನ ಆಚೆಯಿಂದಲೇ ಪೂರಾ ತರಬೇತಿ ನಡೆಯಿತು. ಚೀಲದಲ್ಲಿ ಯಾವಾಗಲೂ ಇನ್ನೊಂದು ಹತ್ತಿ ಬನಿಯನ್. ಕಡಕ್ ಚಾ ಬಂದ್. ಬಿಸಿ ಬಂದಾಗ ಹೆದರಿ ಓಡಬಾರದು, ನಿಂತು ಉಸಿರಾಡಬೇಕು, ಎರಡು ನಿಮಿಷ ಎಂದು ಎದುರಿನವರಿಗೆ ಹೇಳಬೇಕು. ನಾನು ತಮಾಷೆ ಮಾಡಿ ಚಪ್ಪಾಳೆ ಗಿಟ್ಟಿಸಿದ ಒಂದೊಂದು ಚಲನೆಯೂ ಅವಳೊಬ್ಬಳೇ ಕಂಡುಹಿಡಿದುಕೊಂಡ ಔಷಧಿಯಾಗಿತ್ತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಪರೇಷನ್ ಮೂಗಿನ ಮೂಲಕ. ಕಣ್ಣು ಹೋದರೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ನನಗೆ ಸ್ವರ ಹೋದರೆ ಎಂಬ ಹೆದರಿಕೆಯೂ ಇತ್ತು, ಯಾರಿಗೂ ಹೇಳಲಿಲ್ಲ. ಸ್ವರವಿಲ್ಲದ ಸುಜಿತ್ ಎಂದರೆ ಬಿಳಿ ಗಾಡಿ ಮಾರುವ ಸಾಧಾರಣ ಮನುಷ್ಯ. ಸ್ಟ್ರೆಚರ್ ಒಳಗೆ ಹೋಗುವಾಗ ಕೊನೆಯದಾಗಿ ಅಧ್ಯಕ್ಷರ ಗಂಟಲು ಸರಿಮಾಡುವ ಸದ್ದು ಮಾಡಿ ನೋಡಿದೆ. ತಳ್ಳುತ್ತಿದ್ದ ಗಂಡು ನರ್ಸ್ ನೀರು ಬೇಕಾ ಎಂದು ಕೇಳಿದರು.

ಎಚ್ಚರವಾದಾಗ ಮೂಗಿನ ತುಂಬ ಹತ್ತಿ. ಮೂಗು ಸೀಟಬಾರದು, ಬಗ್ಗಬಾರದು, ಜೋರಾಗಿ ನಗಬಾರದು. ನನ್ನಂಥವನಿಗೆ ಇದು ಜೈಲು. ಎರಡನೇ ದಿನ ಬೆಳಿಗ್ಗೆ ದಿಂಬಿಗೆ ಒರಗಿ ಎದುರಿನ ಗೋಡೆ ನೋಡುತ್ತಾ ಇದ್ದೆ. ಎಡಬದಿಯ ಮೂಲೆಯಲ್ಲಿ ಏನೋ ಅಲುಗಿತು. ತಿಂಗಳುಗಟ್ಟಲೆ ಆ ಮೂಲೆ ನನಗೆ ಇರಲೇ ಇಲ್ಲ. ತಲೆ ತಿರುಗಿಸದೆ ಹಾಗೇ ನೋಡಿದೆ. ಅಮ್ಮ ನನ್ನ ಕೇಸ್ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾನು ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಮುಖ ಸಡಿಲ ಬಿಟ್ಟಿದ್ದಳು. ಆ ಮುಖದಲ್ಲಿ ಕ್ಯಾಪ್ಟನ್ ಇರಲಿಲ್ಲ. ನಿದ್ದೆಯಿಲ್ಲದೆ ಬಸವಳಿದ ಹೆಂಗಸೊಬ್ಬಳು ಇದ್ದಳು. ಇಷ್ಟು ವರ್ಷ ಅವಳನ್ನು ನಕಲು ಮಾಡಿದ ನಾನು ಆ ಮುಖವನ್ನು ನೋಡಿಯೇ ಇರಲಿಲ್ಲ.

ಮನೆಗೆ ಬಂದ ವಾರವೇ ಧೂಳಿನ ಗಾಳಿ ಎದ್ದಿತು. ಆಕಾಶ ಕಿತ್ತಳೆ ಬಣ್ಣ. ಸೀನಿದರೆ ಕಷ್ಟ ಎಂದು ಪಪ್ಪ ಅಂಗಡಿಯಿಂದ ಪ್ಯಾಕಿಂಗ್ ಟೇಪು ತಂದು ಕಿಟಕಿಗಳ ಸಂದುಗಳನ್ನೆಲ್ಲ ಮುಚ್ಚಿದರು. ಇಡೀ ಫ್ಲ್ಯಾಟು ಬಾಂಬೆಗೆ ಕಳಿಸಲು ಕಟ್ಟಿಟ್ಟ ಪಾರ್ಸೆಲ್ಲಿನಂತೆ ಕಾಣುತ್ತಿತ್ತು. “ಸೀನು ಬಂದ್ರೆ ಬಾಯಿ ಕಳೆದು ಸೀನು, ಅದು ಆರ್ಡರ್” ಎಂದಳು ಅಮ್ಮ. ಸ್ವರ ಉಳಿಯಿತು. ಮೂಗಿನಿಂದ ಬರುತ್ತಿತ್ತು ಅಷ್ಟೆ. ಅದೂ ಒಂದು ಹೊಸ ಪಾತ್ರವಾಯಿತು.

ಆಮೇಲೆ ಹಾರ್ಮೋನಿನ ಇಂಜೆಕ್ಷನ್ ಶುರುವಾಯಿತು. ಕೆಲವೇ ವಾರಗಳಲ್ಲಿ ನನ್ನ ಬಿಸಿ ನಿಂತಿತು. ಕೆನ್ನೆಯ ಮೇಲೆ ಗಡ್ಡ ಚುಚ್ಚಿತು. ಇನ್ನು ಬದುಕಿರುವವರೆಗೆ ಇಂಜೆಕ್ಷನ್ ಬೇಕು, ವರ್ಷಕ್ಕೊಮ್ಮೆ ಸ್ಕ್ಯಾನ್ ಬೇಕು. ಇರಲಿ. ಇಂಥದ್ದೇ ಕಾಯಿಲೆಯ ಗಂಡಸರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಚಿಕೆ ಬಿಡಿ. ನಾನು ಬಿಟ್ಟು ಆಗಿದೆ, ನನ್ನ ಪಕ್ಕದಲ್ಲಿ ಜಾಗ ಖಾಲಿ ಉಂಟು.

ನನ್ನನ್ನು ಕೆರಳಿಸಿದ್ದು ಬೇರೆ. ಮೂವರು ಡಾಕ್ಟರುಗಳು ನನ್ನ ಎದುರು ಕೂತು ಕೇಳಿದ್ದರು. ಬಿಸಿ ದಿನಕ್ಕೆ ಎಷ್ಟು ಸಲ? ನಿದ್ದೆ ಬರುತ್ತದಾ? ಕೆಲಸಕ್ಕೆ ತೊಂದರೆಯಾ? ಮನಸ್ಸು ಹೇಗಿದೆ? ಪ್ರತಿ ಉತ್ತರವನ್ನೂ ಬರೆದುಕೊಂಡಿದ್ದರು. ನನ್ನ ಬೆವರಿಗೆ ಒಂದು ಫೈಲ್ ಇತ್ತು. ಅಮ್ಮನದಕ್ಕೆ ಬಟಾಣಿ ಪ್ಯಾಕೆಟ್ ಇತ್ತು. ನಾಲ್ಕು ವರ್ಷದಲ್ಲಿ ಅವಳು ಒಮ್ಮೆ ಒಬ್ಬ ಡಾಕ್ಟರಿಗೆ ಹೇಳಿದ್ದಳಂತೆ. “ಈ ವಯಸ್ಸಲ್ಲಿ ಎಲ್ಲರಿಗೂ ಇರುವುದೇ ಸಿಸ್ಟರ್, ನಿಮಗೇ ಗೊತ್ತಲ್ಲ” ಎಂದು ಅವರು ಕಳಿಸಿದರಂತೆ. ಇವಳು ಥ್ಯಾಂಕ್ಯೂ ಹೇಳಿ ಬಂದಳಂತೆ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟದ ನಂತರ ಅಮ್ಮ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟಳು.

“ಒಂದು ಲೆಟರ್ ಟೈಪ್ ಮಾಡು ಸುಜ್ಜು. ರಿಸೈನ್ ಲೆಟರ್.”

“ಯಾರದ್ದು?”

“ನನ್ನದು.” ದಿನಾ ಹತ್ತಾರು ಸಲ ಹೇಳುವ ಒಂದು ಇಂಜೆಕ್ಷನ್ನಿನ ಹೆಸರು ಆ ವಾರ ರೋಗಿಯ ಎದುರೇ ಅವಳ ಬಾಯಿಗೆ ಬಂದಿರಲಿಲ್ಲ. ಲೇಬಲ್ಲನ್ನು ಮೂರು ಸಲ ಓದಿ ಸರಿಯಾದದ್ದನ್ನೇ ಕೊಟ್ಟಿದ್ದಳು. “ನಿದ್ದೆ ಇಲ್ಲ, ತಲೆ ನಿಲ್ಲುದಿಲ್ಲ. ಯಾರಿಗಾದ್ರೂ ತಪ್ಪು ಮದ್ದು ಕೊಡುವ ಮೊದಲು ನಾನೇ ಕೆಲಸ ಖಲಾಸ್ ಮಾಡ್ತೇನೆ. ಇಲ್ಲಿರುವ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿ ಊರಿಗೆ ಹೋಗ್ತೇನೆ.”

ಪಪ್ಪ ತಮ್ಮ ಮಟ್ಟಿಗೆ ಸಮಾಧಾನ ಹೇಳಿದರು. “ಆಯ್ತು ಬಿಡು ವಾರಿಜಾ. ಇಷ್ಟು ವರ್ಷ ದುಡಿದದ್ದು ಸಾಕು. ರೆಸ್ಟ್ ಮಾಡು.”

“ರೆಸ್ಟ್ ಬೇಕು ಅಂತ ಯಾರು ಹೇಳಿದ್ರು ನಿಮಗೆ? ನನಗೆ ನನ್ನ ಕೆಲಸ ಬೇಕು!”

ಪಪ್ಪ ತಟ್ಟೆ ತೊಳೆಯಲು ಎದ್ದು ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಟೈಪ್ ಮಾಡುದಿಲ್ಲ.”

“ಆರ್ಡರ್, ಸುಜ್ಜು.”

“ನಾನು ಸಿವಿಲಿಯನ್. ನನಗೆ ಆರ್ಡರ್ ನಡೆಯುದಿಲ್ಲ. ಮೊದಲು ಡಾಕ್ಟರ್ ಹತ್ರ ಹೋಗುವಾ.”

“ಅಲ್ಲಿ ಹೋಗಿ ಎಂತ ಹೇಳುದು? ಸೆಕೆ ಆಗ್ತದೆ ಅಂತ ಕುವೈತಿನಲ್ಲಿ?”

ಆಮೇಲೆ ಅವಳು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. ಹೇಳಿದ್ದು ನನಗೆ ಗೊತ್ತಿಲ್ಲದ ಕಥೆ.

“ಹಿಮ ಬೀಳುವ ಕಡೆ ನನ್ನ ಪೋಸ್ಟಿಂಗ್ ಇತ್ತಲ್ಲ, ಅಲ್ಲಿ ನಮಗೆ ಒಬ್ರು ಮೇಟ್ರನ್. ನಾವೆಲ್ಲ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ನಡುಗುವಾಗ ಅವರು ವಾರ್ಡಿನ ಕಿಟಕಿ ತೆಗೆದು ನಿಲ್ತಿದ್ರು. ಹಣೆಯಲ್ಲಿ ಬೆವರು. ಮೆಸ್ಸಿನಲ್ಲಿ ನಾವು ಹುಡುಗಿಯರು ಅವರ ಹಾಗೆ ನಿಂತು ನಗಾಡುದು. ಎಲ್ಲರಿಗಿಂತ ಚಂದ ಮಾಡ್ತಿದ್ದದ್ದು ನಾನು.”

ನನಗೆ ನಗು ಬರಲಿಲ್ಲ. ಈ ಕಲೆ ಎಲ್ಲಿಂದ ಬಂತು ಎಂದು ಅಂದು ತಿಳಿಯಿತು.

“ಮತ್ತೆ?”

“ಮತ್ತೆ ಎಂತ? ಸರ್ವಿಸ್ ಮುಗಿಯುವ ಮೊದಲೇ ಬಿಟ್ಟು ಹೋದ್ರು. ಯಾಕೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಅಂದು ಸಂಜೆ ನಾನು ಫೋನಿನಲ್ಲಿ ಹುಡುಕಲು ಕೂತೆ. ಸೇನೆಯಲ್ಲಿದ್ದ ಹೆಂಗಸರಿಗೆ ಈ ಕಾಲದಲ್ಲಿ ಏನಾಗುತ್ತದೆ ಎಂದು ಯಾರಾದರೂ ನೋಡಿದ್ದಾರಾ? ನಮ್ಮ ಕಡೆಯದು ಏನೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಅಮೆರಿಕದ ಒಂದು ಸುದ್ದಿ ಸಿಕ್ಕಿತು. ಸೇನೆಯಲ್ಲಿರುವ ಮತ್ತು ಸೇವೆ ಮುಗಿಸಿದ ಹೆಂಗಸರ ಮೆನೋಪಾಸಿನ ಬಗ್ಗೆ ಸಂಶೋಧನೆ ಮಾಡಬೇಕು ಎಂದು ಅಲ್ಲಿನ ಸಂಸತ್ತಿನಲ್ಲಿ ಮಸೂದೆ ಮಂಡಿಸಿದ್ದಾರೆ ಎಂಬುದು. ಅಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

“ಇನ್ನೊಮ್ಮೆ ಓದು.”

ಓದಿದೆ.

“ಅಂದ್ರೆ ನಮ್ಮ ಕೆಲಸ, ಸೀಮೆಎಣ್ಣೆ ಒಲೆಯ ಮುಂದೆ ನಾವು ಕುಡಿದ ಹೊಗೆ, ಆ ಟೆನ್ಷನ್, ಇದೆಲ್ಲ ಇದನ್ನು ಜಾಸ್ತಿ ಮಾಡ್ತದಾ ಅಂತ ನೋಡ್ಬೇಕು ಅಂತಾ?”

“ಹೌದು. ಡಾಕ್ಟರುಗಳಿಗೂ ಸರಿಯಾಗಿ ಕಲಿಸ್ಬೇಕು ಅಂತ. ಇನ್ನೂ ಕಾನೂನು ಆಗ್ಲಿಲ್ಲ, ಚರ್ಚೆಯಲ್ಲಿ ಉಂಟು.”

“ಕಾನೂನು ಆಗದಿದ್ರೂ ಸರಿ. ಅಷ್ಟು ದೊಡ್ಡ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ರಲ್ಲ ಮಾರಾಯ! ನಾನು ಮನೆಯ ಫ್ರಿಜ್ಜಿನ ಹತ್ರ ಹೇಳ್ಲಿಕ್ಕೆ ನಾಚಿದೆ.” ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು. “ಹೆಂಗಸರ ಡಾಕ್ಟರಮ್ಮ ಯಾರಾದ್ರೂ ಯಾವಾಗ ಸಿಗ್ತಾರೆ ಕೇಳು.”

ಜೂನಿನಲ್ಲಿ ಹೋದೆವು. ಅದಕ್ಕೆ ಮೊದಲು ಎರಡು ವಾರ ಅವಳು ತನ್ನದೇ ಚಾರ್ಟ್ ಬರೆದಳು. ವಾರ್ಡಿನಲ್ಲಿ ರೋಗಿಯ ಜ್ವರ ಬರೆಯುವ ಹಾಗೆಯೇ ಗಂಟೆ, ಎಷ್ಟು ನಿಮಿಷ, ಎಷ್ಟು ಜೋರು, ನಿದ್ದೆ ಎಷ್ಟು ಸಲ ಮುರಿಯಿತು ಎಂದು ಕೆಂಪು ನೀಲಿ ಪೆನ್ನಿನಲ್ಲಿ. ಆ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಹೆಂಗಸರ ಕಾಯುವ ಕೋಣೆಯ ಬಾಗಿಲಿಗೆ ಹೋದಾಗ ಕಾವಲಿನವನು ನನ್ನನ್ನು ತಡೆದ. “ಭಾಯಿ, ಇಧರ್ ಲೇಡೀಸ್.”

“ಅವನಿಗೂ ಇದೇ ಕಾಯಿಲೆ ಇತ್ತು” ಎಂದು ಅಮ್ಮ ಹಿಂದಿಯಲ್ಲಿ ಹೇಳಿದಳು. ಕಾವಲಿನವನು ಗಾಬರಿಯಿಂದ ಪಕ್ಕಕ್ಕೆ ಸರಿದ. ನಾನು ಆದರೂ ಹೊರಗೇ ನಿಂತೆ. ಅಮ್ಮನನ್ನು ಒಳಗೆ ಕರೆದಾಗ ಅವಳೇ ಬಂದು ನನ್ನ ತೋಳು ಹಿಡಿದು ಕರೆದುಕೊಂಡು ಹೋದಳು.

ಡಾಕ್ಟರು ಹೆಂಗಸು, ಅಮ್ಮನದೇ ಪ್ರಾಯ ಇರಬಹುದು. ಕೆಟ್ಟವರಲ್ಲ. ಬೆಳಗಿನಿಂದ ಐವತ್ತು ಜನರನ್ನು ನೋಡಿದ ಸುಸ್ತು ಮುಖದಲ್ಲಿತ್ತು. ಅಮ್ಮ ಎರಡು ವಾಕ್ಯ ಹೇಳುವುದರೊಳಗೆ ಅವರು ಪೆನ್ ಕೆಳಗಿಟ್ಟು ಮುಗುಳ್ನಕ್ಕರು. “ನೋಡಿ ಸಿಸ್ಟರ್, ಈ ವಯಸ್ಸಿನಲ್ಲಿ...”

“ಒಂದು ನಿಮಿಷ ಡಾಕ್ಟರ್.” ಅಮ್ಮನ ಸ್ವರ ಏರಲಿಲ್ಲ. ಆ ಸ್ವರವನ್ನು ನಾನು ಎಷ್ಟು ಸಲ ನಕಲು ಮಾಡಿದರೂ ಅದರೊಳಗಿನ ಕಬ್ಬಿಣ ನನಗೆ ಸಿಕ್ಕಿಲ್ಲ. “ಇವನು ನನ್ನ ಮಗ. ಇಪ್ಪತ್ತೇಳು ವರ್ಷ. ಇವನಿಗೆ ಇದೇ ಬಿಸಿ, ಇದೇ ಬೆವರು ಇತ್ತು. ಇವನನ್ನು ಯಾರೂ ವಯಸ್ಸಾಯಿತು ಎಂದು ಮನೆಗೆ ಕಳಿಸಲಿಲ್ಲ. ಕಾರಣ ಹುಡುಕಿದರು, ಮದ್ದು ಕೊಟ್ಟರು. ನನ್ನ ಕಾರಣ ನನಗೆ ಗೊತ್ತಿದೆ. ನಾಲ್ಕು ವರ್ಷ ಸುಮ್ಮನಿದ್ದದ್ದು ನನ್ನ ತಪ್ಪು. ಇವತ್ತು ಸುಮ್ಮನಿರಲು ಬಂದಿಲ್ಲ. ನನ್ನ ಕೆಲಸ ಹೋಗುವ ಹಾಗಿದೆ. ನೀವು ಇದನ್ನು ಓದಬೇಕು.”

ಚಾರ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ನನಗೆ ಎಲ್ಲಿ ನೋಡುವುದೆಂದು ಗೊತ್ತಾಗದೆ, ಪಪ್ಪನ ಹಾಗೆ ಗೋಡೆಯಲ್ಲಿ ಕ್ಯಾಲೆಂಡರ್ ಹುಡುಕಿದೆ. ಇರಲಿಲ್ಲ.

ಡಾಕ್ಟರ್ ಓದಿದರು. ಪುಟ ತಿರುಗಿಸಿ ಮತ್ತೆ ಓದಿದರು. ಮೇಜಿನ ಮೇಲಿದ್ದ ಎ.ಸಿ. ರಿಮೋಟ್ ತೆಗೆದು ಎರಡು ಡಿಗ್ರಿ ಇಳಿಸಿದರು. ಯಾರಿಗಾಗಿ ಇಳಿಸಿದರು ಎಂದು ನಾವು ಕೇಳಲಿಲ್ಲ. ಆಮೇಲೆ ಅವರು ಪೆನ್ ಎತ್ತಿಕೊಂಡು ಮೊದಲಿನಿಂದ ಶುರು ಮಾಡಿದರು. ಬಿಪಿ, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್, ನಿದ್ದೆ, ಮನಸ್ಸು. ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು. ಸೇನೆಯಲ್ಲಿದ್ದದ್ದನ್ನೂ ಬರೆದುಕೊಳ್ಳಿ ಎಂದಳು. ಅದಕ್ಕೆ ಈ ಫಾರ್ಮಿನಲ್ಲಿ ಜಾಗ ಇಲ್ಲವಲ್ಲ ಎಂದರು ಡಾಕ್ಟರ್. “ಬದಿಯಲ್ಲಿ ಬರೀರಿ” ಎಂದಳು ಅಮ್ಮ. ಬರೆದರು.

ಪರೀಕ್ಷೆಗಳು ಮುಗಿದ ಮೇಲೆ ಮೈಗೆ ಅಂಟಿಸುವ ಹಾರ್ಮೋನಿನ ಪಟ್ಟಿಯನ್ನೂ ಜೊತೆಗೆ ಒಂದು ಮಾತ್ರೆಯನ್ನೂ ಕೊಟ್ಟರು. ಪವಾಡವೇನೂ ಆಗಲಿಲ್ಲ. ಮೊದಲು ಬಂದದ್ದು ನಿದ್ದೆ. ಆಮೇಲೆ ಬಿಸಿ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಮದ್ದಿನ ಹೆಸರುಗಳು ನಾಲಗೆಗೆ ವಾಪಸು ಬಂದವು, ನನ್ನನ್ನು ಬೈಯುವ ಶಬ್ದಗಳೂ ಬಂದವು. ರಿಸೈನ್ ಲೆಟರಿನ ಮಾತು ಮತ್ತೆ ಏಳಲಿಲ್ಲ. ಅದರ ಬದಲು ಅವಳು ತನ್ನ ಕ್ಲಿನಿಕ್ಕಿನ ಮ್ಯಾನೇಜರನ್ನು ಕರೆದು ನರ್ಸುಗಳ ಮೇಜಿಗೆ ಒಂದು ಫ್ಯಾನ್ ಹಾಕಿಸಿದಳು. ಯಾಕೆ ಎಂದು ಕೇಳಿದರಂತೆ. ಮುಟ್ಟು ನಿಂತಿದೆ, ನಾನು ನಿಂತಿಲ್ಲ, ಅದಕ್ಕೆ ಎಂದಳಂತೆ. ಅವರು ಆವತ್ತೇ ಫ್ಯಾನ್ ತರಿಸಿದರು.

ಆ ಐಟಮ್ ಇನ್ನು ಮಾಡುವುದಿಲ್ಲ ಎಂದು ನಾನು ದೊಡ್ಡ ತ್ಯಾಗಿಯ ಹಾಗೆ ಘೋಷಿಸಿದೆ. ಅಮ್ಮ ಒಪ್ಪಲಿಲ್ಲ. “ಮಾಡು. ನೀನು ನಗಿಸಿದ್ದು ತಪ್ಪಲ್ಲ, ನಗಬಾರದವರನ್ನು ತೋರಿಸಿ ನಗಿಸಿದ್ದು ತಪ್ಪು.” ಈಗ ನಾನು “ಈ ವಯಸ್ಸಲ್ಲಿ ಎಲ್ಲರಿಗೂ ಇರುವುದೇ” ಎಂಬ ಒಂದೇ ವಾಕ್ಯವನ್ನು ಆರು ಜನರ ಸ್ವರದಲ್ಲಿ ಹೇಳುತ್ತೇನೆ. ಅದರಲ್ಲಿ ಒಂದು ನನ್ನದೇ ಸ್ವರ.

ಇಷ್ಟಕ್ಕೆ ಮುಗಿಸುವ ಹೆಂಗಸಲ್ಲ ಅವಳು. ಸೇನೆಯಲ್ಲಿ ಜೊತೆಗೆ ಕೆಲಸ ಮಾಡಿದ ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ ಅವಳು ಆ ಅಮೆರಿಕದ ಸುದ್ದಿಯನ್ನು ಹಾಕಿ, ಕೆಳಗೆ ತನ್ನ ವಿಷಯ ಪೂರಾ ಬರೆದಳು. ಅದುವರೆಗೆ ಆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳು ಮಾತ್ರ ಬರುತ್ತಿದ್ದವು. ಅಂದು ಮಧ್ಯಾಹ್ನದೊಳಗೆ ಕೊಲ್ಲಂ, ಕಾರವಾರ, ದುಬೈ, ಶಿಲ್ಲಾಂಗ್ ಕಡೆಗಳಿಂದ ವಾಯ್ಸ್ ಮೆಸೇಜುಗಳು ಬಂದವು. ಒಬ್ಬರು ಹೃದಯದ ಕಾಯಿಲೆ ಎಂದುಕೊಂಡು ಎರಡು ವರ್ಷ ಹೆದರಿ ಕಳೆದಿದ್ದರು. ಒಬ್ಬರು ಕೆಲಸ ಬಿಟ್ಟು ಆಗಿತ್ತು. ಒಬ್ಬರು ಬರೇ ಅತ್ತು ಫೋನ್ ಇಟ್ಟಿದ್ದರು.

ಅಮ್ಮ ಮತ್ತೆ ಲ್ಯಾಪ್‌ಟಾಪ್ ತಂದಳು. ಈ ಸಲ ನಮ್ಮ ಊರಿನ ಸಂಸದರಿಗೆ. ನಮ್ಮಲ್ಲೂ ಇಂಥ ಸಂಶೋಧನೆ ಆಗಬೇಕು, ಅದಕ್ಕೊಂದು ಕಾನೂನು ಬೇಕು ಎಂದು. ನಾನು ಶಾಲೆಯಲ್ಲಿ ಕಲಿತ ಹಾಗೆ ಶುರು ಮಾಡಿದೆ. ‘ತಾವು ದಯಮಾಡಿ ನಮ್ಮ ಮೇಲೆ ಕೃಪೆಯಿಟ್ಟು ಪರಿಶೀಲಿಸಬೇಕಾಗಿ ವಿನಮ್ರವಾಗಿ ಕೇಳಿಕೊಳ್ಳುತ್ತೇವೆ.’ ಅಮ್ಮ ಹಿಂದಿನಿಂದ ಬಗ್ಗಿ ಓದಿದಳು.

“ಇದೆಂತ, ರಜೆ ಅರ್ಜಿಯಾ? ತೆಗಿ ಅದನ್ನು.”

“ಮತ್ತೆ ಎಂತ ಬರೀಲಿ?”

“ನಾವು ಒಂಬತ್ತು ಜನ ಇದ್ದೇವೆ. ನಮಗೆ ಏನಾಯ್ತು ಅಂತ ಹೇಳ್ಲಿಕ್ಕೆ ತಯಾರಿದ್ದೇವೆ. ಕೇಳ್ಲಿಕ್ಕೆ ನೀವು ಯಾವಾಗ ತಯಾರು? ಅಷ್ಟೇ ಬರಿ.”

ಬರೆದೆ. ಕೆಳಗೆ ಅವಳ ಹೆಸರು, ರ್‍ಯಾಂಕು, ಆಮೇಲೆ ಉಳಿದ ಎಂಟು ಹೆಸರು. ನಾಳೆ ಇನ್ನೊಮ್ಮೆ ಓದಿ ಕಳಿಸುವಾ ಎಂದೆ. ಅವಳು ನನ್ನ ಭುಜದ ಮೇಲಿಂದ ಕೈ ಚಾಚಿ ತಾನೇ ಗುಂಡಿ ಒತ್ತಿದಳು.

ಉತ್ತರ ಬಂದಿಲ್ಲ. ಇಲ್ಲಿ ವಾರ ಶುರುವಾಗುವುದು ಭಾನುವಾರ. ಪ್ರತಿ ಭಾನುವಾರ ಡ್ಯೂಟಿಗೆ ಹೊರಡುವ ಮೊದಲು, ಯೂನಿಫಾರ್ಮ್ ಹಾಕಿಕೊಂಡು, ಅಮ್ಮ ಅದೇ ಪತ್ರವನ್ನು ಇನ್ನೊಮ್ಮೆ ಕಳಿಸುತ್ತಾಳೆ. ಕೆಳಗೆ ಹೆಸರುಗಳು ಸೇರುತ್ತವೆ, ನಾವು ಎಷ್ಟು ಜನ ಎಂಬ ಅಂಕಿ ಬದಲಾಗುತ್ತದೆ. ಹೋದ ವಾರ ಅದು ಮೂವತ್ತೊಂದು ಇತ್ತು.